ಹಕ್ಕಿಗೆ ಕಾಣುವಂತೆ ಹೊರಟು ಹೋಗುವ ಮನುಷ್ಯ

ಬೆಳಿಗ್ಗೆ ಆರೂಕಾಲು. ಜಲಾಶಯದ ಅಂಚಿನಲ್ಲಿರುವ ಮಣ್ಣುಬಣ್ಣದ ಸಣ್ಣ ಡೇರೆಯೊಳಗೆ ಇಬ್ಬರು ಹೋಗುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಒಬ್ಬರು ಹೊರಗೆ ಬರುತ್ತಾರೆ.

ಹೊರಗೆ ಬಂದವರು ನೀಲಿ ಚೌಕುಳಿ ಅಂಗಿ ತೊಟ್ಟಿದ್ದಾರೆ. ತಲೆಯ ಮೇಲೆ ಅಂಚು ಮುದುರಿದ ಹಳೆಯ ಟೋಪಿ, ಹೆಗಲಿಗೆ ಖಾಲಿ ಬಟ್ಟೆಚೀಲ. ಡೇರೆಯ ಮುಂದೆ ನಿಂತು ಗಟ್ಟಿಯಾಗಿ ಕೆಮ್ಮುತ್ತಾರೆ. ಕೆಮ್ಮು ಬಂತೆಂದಲ್ಲ, ಕೇಳಿಸಲಿ ಎಂದು. ಎದುರಿನ ಒಣಮರದ ತುದಿಯಲ್ಲಿ ಮಂಚದಷ್ಟು ಅಗಲದ ಕಡ್ಡಿಗೂಡು ಇದೆ. ಅದರ ಪಕ್ಕ ಕುಳಿತ ಹೆಣ್ಣು ಮೀನುಹದ್ದು ಕತ್ತು ತಿರುಗಿಸಿ ಅವರನ್ನು ನೋಡುತ್ತದೆ. ಅವರು ಪೊದೆಗಳ ಕಡೆ ಹೋಗುವುದಿಲ್ಲ. ಬಟಾಬಯಲಿನ ನಡುವೆಯೇ, ಸಂತೆ ಮುಗಿಸಿ ಮನೆಗೆ ಹೊರಟವರ ಹಾಗೆ, ಆತುರವಿಲ್ಲದೆ ನಡೆಯುತ್ತಾರೆ. ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. ಏರಿ ಹತ್ತಿ ಆಚೆಯ ಇಳಿಜಾರಿನಲ್ಲಿ ಮರೆಯಾಗುವವರೆಗೂ ಹದ್ದಿನ ಕಣ್ಣು ಅವರ ಬೆನ್ನ ಮೇಲೆಯೇ ಇರುತ್ತದೆ. ಅವರು ಕಾಣದಾದ ಮೇಲೆ ಹದ್ದು ಗರಿ ಕೊಡವಿಕೊಂಡು ನಿರಾಳವಾಗುತ್ತದೆ. ಡೇರೆಯೊಳಗೆ ಉಳಿದ ಛಾಯಾಗ್ರಾಹಕಿ ಆಗ ಕ್ಯಾಮೆರಾದ ಗುಂಡಿ ಒತ್ತುತ್ತಾರೆ.

ಅಲ್ಲಿಗೆ ಚೌಕುಳಿ ಅಂಗಿಯವರ ಬೆಳಗಿನ ಕೆಲಸ ಮುಗಿಯಿತು. ಇಳಿಜಾರಿನಲ್ಲಿ ನಿಲ್ಲಿಸಿದ್ದ ಸೈಕಲ್ ಹತ್ತಿ ಅವರು ಮನೆಗೆ ಹೋಗುತ್ತಾರೆ. ಕತ್ತಲಾಗುವ ಮೊದಲು ಮತ್ತೆ ಬಂದು, ಡೇರೆಯೊಳಗೆ ಹೋಗಿ, ಛಾಯಾಗ್ರಾಹಕಿಯನ್ನು ಕರೆದುಕೊಂಡು ಹೊರಡುತ್ತಾರೆ. ವನ್ಯಜೀವಿಗಳ ಬಗ್ಗೆ ಸಾಕ್ಷ್ಯಚಿತ್ರ ಸರಣಿ ಮಾಡುವ ಈ ತಂಡದಲ್ಲಿ ಅವರಿಗೆ ಹನ್ನೊಂದು ವರ್ಷದಿಂದ ಇದೇ ಕೆಲಸ. ತಂಡದವರು ಅವರನ್ನು ಕರೆಯುವುದು ‘ವಾಪಸಣ್ಣ’ ಎಂದು.

ಇಬ್ಬರು ಬಂದರು, ಒಬ್ಬರು ಹೋದರು. ಆದರೂ ಡೇರೆ ಖಾಲಿಯಾಯಿತೆಂದು ಹಕ್ಕಿ ನಂಬುತ್ತದೆ. ಗೂಡುಗಳ ಬಳಿ ಕೂತು ಚಿತ್ರ ತೆಗೆಯುವವರು ಬಹಳ ಹಿಂದೆಯೇ ಕಂಡುಕೊಂಡ ಉಪಾಯ ಇದು. ಎಲ್ಲ ಹಕ್ಕಿಗಳೂ ಮೋಸಹೋಗುವುದಿಲ್ಲ, ಕಾಗೆಯ ಮುಂದೆ ಈ ಆಟ ನಡೆಯುವುದು ಕಷ್ಟ ಎಂದು ಛಾಯಾಗ್ರಾಹಕಿಯೇ ಹೇಳುತ್ತಾರೆ. ಮೀನುಹದ್ದಿನ ಮುಂದೆ ನಡೆಯುತ್ತದೆ, ಹೋಗುವವರು ಚೆನ್ನಾಗಿ ಹೋದರೆ.

“ಮಿಕ್ಕವರೆಲ್ಲ ಎಲೆ ಬಣ್ಣದ ಬಟ್ಟೆ ಹಾಕ್ಕೊಂಡು ಅಡಗಿ ಕೂರ್ತಾರೆ. ನಾನೊಬ್ಬನೇ ಹಕ್ಕಿ ಕಣ್ಣಿಗೆ ಬೀಳ್ಬೇಕು” ಎನ್ನುತ್ತಾರೆ ವಾಪಸಣ್ಣ. “ಒಳಗೆ ಹೋಗೋದು ಯಾರಾದ್ರೂ ಹೋಗ್ತಾರೆ. ಹೊರಗೆ ಬರೋದ್ರಲ್ಲಿ ಇರೋದು.”

ಹೊರಗೆ ಬರುವುದರಲ್ಲಿ ಏನಿದೆ ಎಂದು ಕೇಳಿದರೆ ಬೆರಳು ಮಡಚುತ್ತಾರೆ. ಓಡಬಾರದು, ಓಡಿದರೆ ಏನೋ ಕದ್ದವನ ಹಾಗೆ ಕಾಣುತ್ತದೆ. ಮೆಲ್ಲಗೆ ಕಳ್ಳಹೆಜ್ಜೆಯೂ ಇಡಬಾರದು, ಅದು ಹೊಂಚು ಹಾಕುವವನ ರೀತಿ. ಬೇರೆ ದಾರಿ ಹಿಡಿಯಬಾರದು. ಇದ್ದಕ್ಕಿದ್ದಂತೆ ಅಂಗಿ ಬದಲಿಸಬಾರದು. ಚೌಕುಳಿ ಅಂಗಿಯ ಜೊತೆಗಾರ ಅಂಗಿಗಳು ಮನೆಯಲ್ಲಿ ಇನ್ನೂ ಮೂರಿವೆ, ಎಲ್ಲ ಒಂದೇ ಥಾನಿನ ಬಟ್ಟೆಯವು. ಎಲ್ಲಕ್ಕಿಂತ ದೊಡ್ಡ ನಿಯಮ, ತಿರುಗಿ ನೋಡಬಾರದು. “ಹೋಗೋನು ಹೋದ ಹಾಗಿರ್ಬೇಕು. ತಿರುಗಿ ನೋಡಿದ್ರೆ, ಅಲ್ಲೇನೋ ಬಿಟ್ಟು ಬಂದಿದಾನೆ ಅಂತ ಅದಕ್ಕೂ ಗೊತ್ತಾಗುತ್ತೆ.”

ಈ ನಿಯಮದಿಂದಾಗಿ ಅವರು ಹನ್ನೊಂದು ವರ್ಷದಲ್ಲಿ ತಂಡ ಚಿತ್ರಿಸಿದ ಹಕ್ಕಿಗಳ ಬದುಕನ್ನು ಟಿ.ವಿ.ಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಅವರು ಇರುವಷ್ಟು ಹೊತ್ತು ಹಕ್ಕಿ ಏನೂ ಮಾಡುವುದಿಲ್ಲ. ಅದು ಏನಾದರೂ ಮಾಡುವಾಗ ಅವರು ಇರುವುದಿಲ್ಲ.

ಅವರಿಗೆ ಇದು ಹೊಸತೂ ಅಲ್ಲ. ಈ ಕೆಲಸಕ್ಕೆ ಬರುವ ಮೊದಲು ಅವರು ಚಿತ್ರಮಂದಿರವೊಂದರಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಸೀಟು ತೋರಿಸುತ್ತಿದ್ದರು. ತಡವಾಗಿ ಬಂದವರನ್ನೆಲ್ಲ ಕತ್ತಲೆಯಲ್ಲಿ ಕೂರಿಸಿ, ಬಾಗಿಲು ಎಳೆದುಕೊಂಡು ಹೊರಗಿನ ಸ್ಟೂಲಿನ ಮೇಲೆ ಕೂರುವುದು. ಸಿನಿಮಾಗಳನ್ನು ಗೋಡೆಯ ಈಚೆಯಿಂದ ಕೇಳಿಯೇ ಬಲ್ಲರು. ಚಿತ್ರಮಂದಿರ ಮುಚ್ಚಿ ಅಲ್ಲಿ ಪೀಠೋಪಕರಣದ ಮಳಿಗೆ ಬಂತು. ಕೆಲಸವಿಲ್ಲದೆ ಒಂದೂವರೆ ವರ್ಷ ಕಳೆಯಿತು. ಮಗಳು ಆಗ ಐದನೆಯ ತರಗತಿ. ಮನೆ ನಡೆದದ್ದು ಹೆಂಡತಿಯ ಹೊಲಿಗೆ ಮೆಷಿನ್ನಿನಿಂದ.

ಹಕ್ಕಿಗಳ ಕೆಲಸ ಬಂದದ್ದೂ ಆ ಮೆಷಿನ್ನಿನ ದೆಸೆಯಿಂದಲೇ. ಚೀಲ, ಟಾರ್ಪಾಲು, ಗಾಡಿಯ ಹೊದಿಕೆ ಹೊಲಿಯುವ ಅವರ ಹೆಂಡತಿಗೆ ಸರಣಿಯ ತಂಡದವರು ಡೇರೆಯೊಂದರ ಹೊಲಿಗೆ ಕೊಟ್ಟಿದ್ದರು. ಸಿದ್ಧವಾದ ಡೇರೆಯನ್ನು ಹೊತ್ತು ಜಲಾಶಯಕ್ಕೆ ತಲುಪಿಸಿದವರು ಗಂಡ. ಛಾಯಾಗ್ರಾಹಕಿ ಒಳಗೆ ಕುಳಿತು ಕಿಂಡಿಗಳು ಸರಿಯಾಗಿವೆಯೇ ಎಂದು ನೋಡುತ್ತಿರುವಾಗ, ಇವರು ‘ನಾನು ಬರ್ಲಾ’ ಎಂದು ಹೇಳಿ ಹೊರಟುಬಿಟ್ಟರು. ಮರದ ಮೇಲಿನ ಹಕ್ಕಿ ಅಲುಗಾಡಲಿಲ್ಲ. ಮರುದಿನ ತಂಡದವರು ಮನೆ ಹುಡುಕಿಕೊಂಡು ಬಂದು, ನಿನ್ನೆ ಹೋದ ಹಾಗೆಯೇ ದಿನಾ ಹೋಗುತ್ತೀರಾ ಎಂದು ಕೇಳಿದರು.

ಆ ಹೆಂಡತಿ ಈಗ ತಂಡಕ್ಕೆಲ್ಲ ಅತ್ತಿಗೆ. ಹೊಸ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸುವುದೇ ದೊಡ್ಡ ಪಾಡಾಗಿತ್ತು ಎನ್ನುತ್ತಾರೆ ಅವರು. “ಮಗಳಿಗೆ ಶಾಲೇಲಿ ಅಪ್ಪನ ಕೆಲಸ ಏನು ಅಂತ ಕೇಳಿದಾರೆ. ಇವಳು, ‘ನಮ್ಮಪ್ಪ ಬೆಳಿಗ್ಗೆ ಹೊರಟು ಹೋಗ್ತಾರೆ, ತಿರುಗಿ ನೋಡಲ್ಲ’ ಅಂದಿದಾಳೆ. ಟೀಚರು ಪಾಪ, ಸಂಜೆ ಮನೆಗೇ ಬಂದ್ಬಿಟ್ರು, ನನಗೆ ಧೈರ್ಯ ಹೇಳೋಕೆ. ಬಾಗಿಲು ತೆಗೆದದ್ದು ಇವ್ರೇ!”

ತಪ್ಪುಗಳೂ ಆಗಿವೆ. ಅವುಗಳಲ್ಲಿ ದೊಡ್ಡದನ್ನು ಛಾಯಾಗ್ರಾಹಕಿ ನಗುತ್ತಲೇ ಹೇಳುತ್ತಾರೆ. ಒಂದು ಬೆಳಿಗ್ಗೆ ವಾಪಸಣ್ಣ ನೀರು, ಬುತ್ತಿ ಕೆಳಗಿಟ್ಟು, ಖಾಲಿ ಚೀಲದ ಬದಲು ಬ್ಯಾಟರಿಗಳಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದರು. ಅವತ್ತೇ ಫೋನೂ ಆ ಚೀಲದಲ್ಲಿತ್ತು. “ಕೂಗೋ ಹಾಗಿಲ್ಲ. ಹೊರಗೆ ಬರೋ ಹಾಗೂ ಇಲ್ಲ. ಖಾಲಿ ಅಂದ್ಕೊಂಡ ಡೇರೆಯಿಂದ ನಾನು ಧುತ್ತಂತ ಎದ್ದು ಬಂದ್ರೆ ಆ ಹಕ್ಕಿ ಮತ್ತೆ ನಮ್ಮನ್ನ ನಂಬುತ್ತಾ? ಅಣ್ಣ ಸಂಜೆ ಬರೋವರೆಗೂ ಕೂತೇ ಇದ್ದೆ. ಅವತ್ತೇ ಎರಡು ಗಂಡುಗಳು ನನ್ನ ಮೂಗಿನ ಮುಂದೆ ಮೀನಿಗೆ ಜಗಳ ಆಡ್ಬೇಕಾ! ಇಡೀ ದಿನ ಬರೀ ಕಣ್ಣಲ್ಲೇ ಶೂಟಿಂಗ್.”

“ನೀನು ಅವತ್ತು ನನ್ನ ಹತ್ರ ಮಾತೇ ಆಡ್ಲಿಲ್ಲ ತಂಗಿ” ಎನ್ನುತ್ತಾರೆ ವಾಪಸಣ್ಣ.

“ಮಾತಾಡಿದ್ರೆ ಬೈಗುಳ ಬಿಟ್ಟು ಬೇರೆ ಬರ್ತಿರ್ಲಿಲ್ಲ ಅಣ್ಣ. ದೊಡ್ಡವರು ಅಂತ ಬಾಯಿ ಮುಚ್ಕೊಂಡಿದ್ದೆ.”

ಈ ಸಲದ ಕಂತು ಸಿಹಿನೀರಿನ ಜೀವಿಗಳ ಕುರಿತದ್ದು. ಅದರ ಕೊನೆಯ ದೃಶ್ಯಕ್ಕಾಗಿ ತಂಡ ಕಾಯುತ್ತಿದೆ. ಗೂಡಿನಲ್ಲಿರುವ ಒಂದೇ ಮರಿ ಮೊದಲ ಬಾರಿಗೆ ಹಾರಬೇಕು. ಮರಿ ಬೆಳೆದು ತಾಯಿಯಷ್ಟೇ ಆಗಿದೆ, ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತದೆ, ಹೆದರಿ ಮತ್ತೆ ಕೂರುತ್ತದೆ. ತಾಯಿತಂದೆಗಳು ಈಗ ಮೀನನ್ನು ಗೂಡಿಗೆ ತಂದು ಹಾಕುವುದನ್ನು ಕಡಿಮೆ ಮಾಡಿ, ಗೂಡಿನ ಎದುರಿನ ಇನ್ನೊಂದು ಮರದಲ್ಲಿ ಹಿಡಿದುಕೊಂಡು ಕರೆಯುತ್ತವೆ. ಹಸಿವು ಒಂದು ಕಡೆ, ಭಯ ಇನ್ನೊಂದು ಕಡೆ. ಹಸಿವು ಗೆದ್ದ ದಿನ ಮರಿ ಹಾರುತ್ತದೆ. ಜಲಾಶಯದ ಬಳಿ ಚಿತ್ರೀಕರಣಕ್ಕೆ ಸಿಕ್ಕಿರುವ ಅನುಮತಿ ಮುಗಿಯಲು ಉಳಿದಿರುವುದು ಎರಡೇ ಬೆಳಗು.

ಇಂಥ ಹೊತ್ತಿನಲ್ಲಿ ವಾಪಸಣ್ಣನ ಕಾಲು ಉಳುಕುತ್ತದೆ. ಹನ್ನೊಂದು ವರ್ಷ ಕೆಸರು, ಕಲ್ಲು, ಕತ್ತಲೆಯಲ್ಲಿ ಎಡವದ ಮನುಷ್ಯ ಮನೆಯ ನಡುಕೋಣೆಯಲ್ಲಿ ದಾರದ ಉಂಡೆಯ ಮೇಲೆ ಕಾಲಿಟ್ಟು ಬೀಳುತ್ತಾರೆ. ಪಾದ ಹಲಸಿನಂತೆ ಊದಿಕೊಳ್ಳುತ್ತದೆ. ಮೂಳೆ ಮುರಿದಿಲ್ಲ, ಆದರೆ ಮೂರು ವಾರ ನೆಲಕ್ಕೆ ಊರಬೇಡಿ ಎಂದು ವೈದ್ಯರು ಪಟ್ಟಿ ಕಟ್ಟಿ ಕಳಿಸುತ್ತಾರೆ.

“ನೋಡ್ಕೊಂಡು ನಡೀಬಾರ್ದಾ?” ಎನ್ನುತ್ತಾರೆ ಅತ್ತಿಗೆ.

“ನಡೆಯೋ ಜಾಗದಲ್ಲಿ ದಾರ ಇಡಬಾರ್ದು ಅಲ್ವಾ?”

“ಅದು ಹೊಲಿಯೋ ಜಾಗ. ನೀವು ನಡೀತಾ ಇದ್ರಿ.”

ಮೊದಲ ಬೆಳಗು ಜೀಪಿನ ಚಾಲಕ ವಾಪಸಣ್ಣನ ಅಂಗಿ, ಟೋಪಿ ತೊಟ್ಟು ಹೋಗುತ್ತಾನೆ. ಆಳು ಎತ್ತರ, ತೋಳು ಅಂಗಿಯಿಂದ ಒಂದು ಗೇಣು ಹೊರಗೆ. ಕೆಮ್ಮುವುದನ್ನು ಮರೆಯುವುದಿಲ್ಲ. ಬಯಲಿನ ಅರ್ಧಕ್ಕೆ ಬರುವಷ್ಟರಲ್ಲಿ ಹೆಣ್ಣುಹದ್ದು ಕಿರುಚುತ್ತಾ ಮೇಲೇಳುತ್ತದೆ, ಅವನ ತಲೆಯ ಮೇಲೆ ಸುತ್ತು ಹಾಕುತ್ತದೆ. ಅವನು ಟೋಪಿ ಹಿಡಿದುಕೊಂಡು ಓಡುತ್ತಾನೆ. ಮೀನು ಹಿಡಿದು ಬಂದ ಗಂಡು, ಗೂಡಿನ ಕಡೆ ಸುಳಿಯದೆ ಆಚೆ ದಡಕ್ಕೆ ಹೋಗಿಬಿಡುತ್ತದೆ. ಗೂಡಿನಲ್ಲಿ ಮರಿ ಕೂಗುತ್ತಲೇ ಇದೆ. ಹಕ್ಕಿ ಕಂಗಾಲಾದರೆ ಚಿತ್ರ ಹೋದರೂ ಸರಿ, ಹಿಂದೆ ಸರಿಯಬೇಕು ಎಂಬುದು ತಂಡದ ಕಟ್ಟುಪಾಡು. ಛಾಯಾಗ್ರಾಹಕಿ ಸಂದೇಶ ಕಳಿಸುತ್ತಾರೆ, ಎಲ್ಲರೂ ಜಾಗ ಖಾಲಿ ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹದ್ದುಗಳು ಮರಳಿವೆ ಎಂದು ದೂರದಿಂದ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಉಳಿದಿರುವುದು ಒಂದು ಬೆಳಗು.

ಸುದ್ದಿ ಹೇಳಲು ಛಾಯಾಗ್ರಾಹಕಿ ವಾಪಸಣ್ಣನ ಮನೆಗೆ ಬರುತ್ತಾರೆ. ಚಾಲಕ ಬಾಗಿಲಲ್ಲೇ ತಲೆ ತಗ್ಗಿಸಿ ನಿಲ್ಲುತ್ತಾನೆ. ವಾಪಸಣ್ಣ ಕುರ್ಚಿಯ ಮೇಲೆ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದಾರೆ. ಕುಂಟುತ್ತಾ ಹೋಗಿಬಿಡುತ್ತೇನೆ ಎಂದು ಎದ್ದು, ಮುಖ ಕಿವುಚಿ ಮತ್ತೆ ಕೂರುತ್ತಾರೆ.

ಮೆಷಿನ್ ತುಳಿಯುತ್ತಿದ್ದ ಅತ್ತಿಗೆ ಕಾಲು ನಿಲ್ಲಿಸುತ್ತಾರೆ. “ನಾನು ಹೋಗ್ತೀನಿ.”

“ನೀನಾ? ನೀನು ನಡೆಯೋದು ಬಸ್ಸು ತಪ್ಪಿದವರ ಹಾಗೆ.”

“ನನ್ನ ಹಾಗೆ ಯಾರು ನಡೀತಾರೆ? ನಿಮ್ಮ ಹಾಗೆ ನಡೀತೀನಿ. ಇಪ್ಪತ್ತೆಂಟು ವರ್ಷದಿಂದ ನಿಮ್ಮ ಹಿಂದೇನೇ ತಾನೇ ನಡೆದಿರೋದು ನಾನು? ನಿಮಗಿಂತ ನಿಮ್ಮ ಬೆನ್ನು ನನಗೇ ಚೆನ್ನಾಗಿ ಗೊತ್ತು.”

ಇಬ್ಬರದೂ ಹೆಚ್ಚುಕಡಿಮೆ ಒಂದೇ ಎತ್ತರ. ಅತ್ತಿಗೆ ಗಂಡನ ಪ್ಯಾಂಟು, ಚೌಕುಳಿ ಅಂಗಿ ಹಾಕಿಕೊಂಡು, ಜಡೆಯನ್ನು ಟೋಪಿಯೊಳಗೆ ತುರುಕಿ, ಚೀಲ ಹೆಗಲಿಗೇರಿಸಿ ಬೀದಿಗಿಳಿಯುತ್ತಾರೆ. ಉಳಿದವರು ವಾಪಸಣ್ಣನ ಕುರ್ಚಿಯನ್ನೂ ಬಾಗಿಲಿಗೆ ಎಳೆಯುತ್ತಾರೆ. ಅತ್ತಿಗೆ ಕೆಮ್ಮಿ, ಹೊರಟು, ಬೀದಿಯ ಕೊನೆಯವರೆಗೆ ನಡೆಯುತ್ತಾರೆ. ಎಡಹೆಗಲು ತುಸು ಇಳಿದಿದೆ. ಬಲಪಾದ ಹೊರಗೆ ತಿರುಗಿದೆ. ನಡುವೆ ಒಮ್ಮೆ ನಿಂತು, ಎರಡೂ ಕೈಯಿಂದ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡು, ಕತ್ತು ಕೆರೆದುಕೊಂಡು ಮುಂದೆ ಹೋಗುತ್ತಾರೆ.

“ಇದ್ಯಾರು? ನಾನು ಹಾಗೆಲ್ಲ ನಡೆಯಲ್ಲ” ಎನ್ನುತ್ತಾರೆ ವಾಪಸಣ್ಣ.

“ಅದೇ ಥರ ನಡೀತೀರಿ” ಎಂದು ಅತ್ತಿಗೆ ಆ ತುದಿಯಿಂದ ಕೂಗುತ್ತಾರೆ. “ಬೆನ್ನು ನಿಮಗೆ ಕಾಣ್ಸುತ್ತಾ?”

“ಪ್ಯಾಂಟು ಎಳ್ಕೊಳ್ಳೋದು? ಜನ್ಮದಲ್ಲಿ ಎಳ್ಕೊಂಡಿಲ್ಲ.”

ಎದುರು ಮನೆಯ ಕ್ಷೌರದಂಗಡಿಯವರು ಕತ್ತರಿ ಹಿಡಿದೇ ಹೊರಗೆ ಬಂದಿದ್ದಾರೆ. ಅವರ ಹಿಂದೆ, ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿಯೂ ಬಂದು ನಿಂತಿದ್ದಾನೆ. ತೀರ್ಪು ಅವರಿಗೇ ಬಿಡಲಾಗುತ್ತದೆ. “ಈಗ್ತಾನೆ ಯಜಮಾನರು ಹೋದ್ರಲ್ಲ, ಕಾಲು ಸರಿ ಹೋಯ್ತಾ ಅಂದ್ಕೊಂಡು ಬಂದೆ” ಎನ್ನುತ್ತಾರೆ ಕ್ಷೌರಿಕರು. ಬೀದಿಯೇ ನಗುತ್ತದೆ. ವಾಪಸಣ್ಣ ಮೊದಲು ಮುಖ ಗಂಟು ಹಾಕಿಕೊಂಡು, ಆಮೇಲೆ ತಾವೂ ನಕ್ಕು, “ಇನ್ನೊಂದ್ಸಲ ನಡಿಯೇ, ನೋಡೋಣ” ಎನ್ನುತ್ತಾರೆ. ಅತ್ತಿಗೆ ಇನ್ನೊಂದು ಸಲ ನಡೆಯುತ್ತಾರೆ. ಈ ಸಲ ವಾಪಸಣ್ಣ ಕೊನೆಯವರೆಗೂ ನೋಡುತ್ತಾರೆ. ಕೊನೆಗೆ ಕೊಟ್ಟ ಸಲಹೆ ಒಂದೇ. “ಏರಿ ಹತ್ತೋವಾಗ ಮಾತ್ರ ಸ್ವಲ್ಪ ನಿಧಾನ. ಅಲ್ಲಿ ನನಗೆ ಉಸಿರು ಹಿಡಿಯುತ್ತೆ.”

ಕೊನೆಯ ಬೆಳಗು. ಜೀಪನ್ನು ಏರಿಯ ಆಚೆ, ಬಯಲೂ ಗೂಡೂ ಕಾಣುವ ದಿಣ್ಣೆಯ ಮೇಲೆ, ಪೊದೆಗಳ ಹಿಂದೆ ನಿಲ್ಲಿಸಿದೆ. ಮನೆಯಲ್ಲಿರಲು ಒಪ್ಪದ ವಾಪಸಣ್ಣ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಾರೆ. ಕೈಯಲ್ಲಿ ತಂಡದವರು ಕೊಟ್ಟ ದುರ್ಬೀನು. ಅದನ್ನು ತಲೆಕೆಳಗಾಗಿ ಹಿಡಿದಿದ್ದಾರೆಂದು ಚಾಲಕ ತಿದ್ದುತ್ತಾನೆ.

ಛಾಯಾಗ್ರಾಹಕಿ, ಅತ್ತಿಗೆ ಇಬ್ಬರೂ ಡೇರೆಯೊಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿಸುತ್ತದೆ. ಅತ್ತಿಗೆ ಹೊರಬಂದು ಬಯಲಿಗಿಳಿಯುತ್ತಾರೆ. ಮರದ ತುದಿಯಲ್ಲಿ ಹೆಣ್ಣುಹದ್ದು ಕತ್ತು ಚಾಚುತ್ತದೆ.

“ನಿಧಾನ ಕಣೇ, ನಿಧಾನ” ಎಂದು ವಾಪಸಣ್ಣ ಗೊಣಗುತ್ತಾರೆ. ಅತ್ತಿಗೆ ಬಯಲಿನ ನಡುವೆ ನಿಂತು ಪ್ಯಾಂಟು ಎಳೆದುಕೊಳ್ಳುತ್ತಾರೆ.

“ದಿನಾ ಇಲ್ಲೇ ಎಳ್ಕೊಳ್ತೀನಾ ನಾನು?”

“ಅದೇ ಜಾಗ ಅಣ್ಣ” ಎನ್ನುತ್ತಾನೆ ಚಾಲಕ.

ಇನ್ನೇನು ಏರಿ ಹತ್ತಬೇಕು, ಅತ್ತಿಗೆ ಥಟ್ಟನೆ ನಿಂತು ಬಗ್ಗುತ್ತಾರೆ. ನೆಲದಿಂದ ಏನನ್ನೋ ಹೆಕ್ಕಿ ಚೀಲಕ್ಕೆ ಹಾಕುತ್ತಾರೆ. ಅದು ಗಂಡನ ನಡಿಗೆಯಲ್ಲಿ ಇಲ್ಲದ್ದು. “ಮುಗೀತು!” ಎಂದು ವಾಪಸಣ್ಣ ದುರ್ಬೀನು ಕೆಳಗಿಳಿಸುತ್ತಾರೆ. ಹದ್ದು ರೆಕ್ಕೆ ಅರ್ಧ ಬಿಚ್ಚುತ್ತದೆ. ಅತ್ತಿಗೆ ಏನೂ ಆಗದವರ ಹಾಗೆ, ಎಡಹೆಗಲು ಇಳಿಸಿಕೊಂಡು, ಏರಿಯನ್ನು ನಿಧಾನವಾಗಿ ಹತ್ತಿ ಈಚೆಗೆ ಇಳಿಯುತ್ತಾರೆ. ಹದ್ದು ರೆಕ್ಕೆ ಮಡಚುತ್ತದೆ.

ಚೀಲದಲ್ಲಿದ್ದದ್ದು ಯಾರೋ ಎಸೆದ ಪ್ಲಾಸ್ಟಿಕ್ ಪೊಟ್ಟಣ. “ಕಣ್ಣೆದುರು ಕಸ ಬಿದ್ದಿದ್ರೆ ದಾಟ್ಕೊಂಡು ಬರೋಕಾಗುತ್ತೇನ್ರೀ?” ಎಂದು ಅತ್ತಿಗೆ ಜೀಪು ಹತ್ತುತ್ತಾ ಕೇಳುತ್ತಾರೆ. ಗಂಡನ ಗಮನ ಗೂಡಿನ ಕಡೆಗಿದೆ. ದುರ್ಬೀನು ಮತ್ತೆ ಕಣ್ಣಿಗೆ ಏರಿದೆ.

ಹದ್ದು ನಡಿಗೆಯನ್ನು ಗುರುತಿಸುತ್ತದೆಯೇ, ಅಥವಾ ಎರಡನೆಯ ದಿನ ಅದಕ್ಕೇ ಬೇಸರ ಬಂದಿತ್ತೇ, ಹೇಳಲು ಪುರಾವೆಯಿಲ್ಲ. ಚಾಲಕನನ್ನು ಕಂಡು ಎದ್ದಿತು, ಅತ್ತಿಗೆಯನ್ನು ಕಂಡು ಏಳಲಿಲ್ಲ. ನಡೆದದ್ದು ಇಷ್ಟು.

ಬಿಸಿಲು ಏರಿದ ಮೇಲೆ ಗಂಡುಹದ್ದು ಮೀನು ಹಿಡಿದು ಬಂದು ಎದುರಿನ ಮರದಲ್ಲಿ ಕೂರುತ್ತದೆ. ಹೆಣ್ಣೂ ಅಲ್ಲಿಗೇ ಹೋಗುತ್ತದೆ. ಎರಡೂ ಸೇರಿ ಕರೆಯುತ್ತವೆ. ಮರಿ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಒಂದು ಸಲ ಗಾಳಿ ಅದನ್ನು ಮೊಳದಷ್ಟು ಎತ್ತಿ ಮತ್ತೆ ಗೂಡಿಗೇ ಇಳಿಸುತ್ತದೆ. “ಹೋಗು ಮರಿ, ಹೋಗು. ಏನೂ ಆಗಲ್ಲ” ಎನ್ನುತ್ತಾರೆ ವಾಪಸಣ್ಣ. ಎರಡನೆಯ ಸಲ ಗಾಳಿ ಬಂದಾಗ ಮರಿ ಕಾಲು ಬಿಟ್ಟುಬಿಡುತ್ತದೆ.

ಅದು ಹಾರಿತು ಎನ್ನುವುದಕ್ಕಿಂತ ಬೀಳದೆ ಉಳಿಯಿತು ಎನ್ನುವುದು ಹೆಚ್ಚು ಸರಿ. ನೀರಿನ ಮೇಲೆ ಅಗಲವಾದ ಅರ್ಧ ಸುತ್ತು ಹಾಕಿ, ಅಪ್ಪ ಅಮ್ಮ ಕೂತ ಮರವನ್ನು ದಾಟಿ, ತಿರುಗುವುದು ಹೇಗೆಂದು ತಿಳಿಯದೆ, ನೇರವಾಗಿ ಡೇರೆಯ ಕಡೆಗೇ ಬಂದು ಅದರ ಮಾಡಿನ ಮೇಲೆ ದೊಪ್ಪನೆ ಇಳಿಯುತ್ತದೆ. ಡೇರೆ ಒಮ್ಮೆ ಓಲಾಡಿ ನಿಲ್ಲುತ್ತದೆ. ಕ್ಯಾಮೆರಾದಲ್ಲಿ ಆ ಹಾರಾಟ ಪೂರ್ತಿ ಬಂದಿದೆ. ಕೊನೆಯಲ್ಲಿ ಚೌಕಟ್ಟಿನ ತುಂಬ ಮರಿಯ ಎದೆ, ಆಮೇಲೆ ಬರೀ ಕತ್ತಲೆ. ಒಳಗಿದ್ದ ಛಾಯಾಗ್ರಾಹಕಿಯಿಂದ ಚಾಲಕನ ಫೋನಿಗೆ ಸಂದೇಶ ಬರುತ್ತದೆ: “ಸಿಕ್ತು. ಈಗ ನನ್ನ ತಲೆ ಮೇಲೆ ಕೂತಿದೆ. ಸೀನು ಬರ್ತಿದೆ, ಏನ್ಮಾಡ್ಲಿ?”

ವಾಪಸಣ್ಣ ದುರ್ಬೀನು ಇಳಿಸಿದಾಗ ಕಣ್ಣಿನ ಸುತ್ತ ಕೆಂಪು ಗೆರೆ ಮೂಡಿದೆ. ಅತ್ತಿಗೆಗೆ ಅದನ್ನು ಕೊಟ್ಟು, “ನೋಡು, ನಿನ್ನ ಹೊಲಿಗೆ ಮೇಲೆ ಕೂತಿದೆ” ಎನ್ನುತ್ತಾರೆ. ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಹೇಗಿತ್ತು ಎಂದು ಕೇಳಿದರೆ ಚಾಚಿದ ಕಾಲನ್ನು ಮೆಲ್ಲಗೆ ಸರಿಸಿಕೊಳ್ಳುತ್ತಾರೆ.

“ಚೆನ್ನಾಗಿತ್ತು. ಟಿ.ವಿ.ಲಿ ಸಂಗೀತ ಹಾಕಿರ್ತಾರೆ. ಇಲ್ಲಿ ಏನೂ ಇಲ್ಲದೇನೇ ಚೆನ್ನಾಗಿತ್ತು. ಆದ್ರೆ ಇಷ್ಟು ಹೊತ್ತು ಒಂದೇ ಕಡೆ ಕೂತು ಕಾಯೋದು ಬಹಳ ಕಷ್ಟ. ಆ ತಂಗಿ ದಿನಾ ಹೇಗೆ ಕೂರ್ತಾಳೋ! ನನಗೆ ನಡೆಯೋ ಕೆಲಸಾನೇ ಸರಿ.”

ಮರಿ ಮಧ್ಯಾಹ್ನದವರೆಗೂ ಡೇರೆಯ ಮೇಲೆಯೇ ಕೂತು, ಅಲ್ಲಿಗೇ ತಂದುಕೊಟ್ಟ ಮೀನು ತಿಂದು, ಆಮೇಲೆ ಎದುರಿನ ಮರಕ್ಕೆ ಹೋಯಿತು. ಮುಂದಿನ ವಾರ ತಂಡ ನದೀಮುಖದ ಇನ್ನೊಂದು ಗೂಡಿಗೆ ತೆರಳಿತು. ವಾಪಸಣ್ಣನ ಕಾಲು ವಾಸಿಯಾಗುವವರೆಗೆ ಅಲ್ಲಿ ಅತ್ತಿಗೆಯೇ ಅವರ ಅಂಗಿ ತೊಟ್ಟು, ಅವರ ಹಾಗೆಯೇ ನಡೆದು, ದಾರಿಯಲ್ಲಿ ಬಿದ್ದ ಕಸವನ್ನು ಹೆಕ್ಕಿಕೊಂಡು ಬಂದರು. ನಾಲ್ಕನೆಯ ವಾರ ವಾಪಸಣ್ಣ ಕೆಲಸಕ್ಕೆ ಮರಳಿದರು. ಅವರು ಎಲ್ಲೂ ಬಗ್ಗದೆ ನೇರವಾಗಿ ನಡೆದು ಹೋಗುವುದನ್ನು ಕಂಡು ಹೊಸ ಗೂಡಿನ ಹದ್ದು ಕಿರುಚುತ್ತಾ ಹಾರಿಹೋಯಿತು. ಆ ಗೂಡಿನ ಚಿತ್ರೀಕರಣ ಮುಗಿಯುವವರೆಗೆ ಅತ್ತಿಗೆಯೇ ಹೋದರು. ವಾಪಸಣ್ಣ ಮನೆಯಲ್ಲಿದ್ದು ಅಡುಗೆ ಮಾಡಿದರು.